ತೀರ್ಥಮ್ಮನ ಮೂರು ನಿಮಿಷ

ಡ್ರಾಯಿಂಗ್ ಮೇಷ್ಟ್ರು ಷಣ್ಮುಖಪ್ಪನವರನ್ನು ಕಟ್ಟಿಕೊಂಡ ಮೇಲೆ ಮಲ್ಲಿಕಾಂಬ ಇಟ್ಟ ಸಾಮಾನು ಇಟ್ಟಲ್ಲಿ ಇದ್ದದ್ದೇ ಇಲ್ಲ. ಕೊಡ ನಡುವೆ ಕಂಡರೆ ಮೇಷ್ಟ್ರು ಪಕ್ಕಕ್ಕೆ ಸರಿಸುತ್ತಿದ್ದರು. "ನಡುವೆ ಇಟ್ರೆ ಕಣ್ಣಿಗೆ ಕೆಲ್ಸ ಇರಲ್ಲ ಕಣೇ!" (ಕಣ್ಣಿಗೆ ಸಿಕ್ಕ ಕೆಲಸವೆಲ್ಲ ಕೊನೆಗೆ ಬೀಳುತ್ತಿದ್ದದ್ದು ಮಲ್ಲಿಕಾಂಬನ ಕೈಗೆ.)

೧೯೮೧ರ ಬೇಸಿಗೆಯಲ್ಲಿ ಅವಳ ತಮ್ಮ ಬಸವರಾಜ ಬೊಂಬಾಯಿಯಿಂದ ಮೂವಿ ಕ್ಯಾಮೆರಾ ತಂದು ಅಜ್ಜಂಪುರದ ಮನೆಯಲ್ಲಿ ಎರಡು ದಿನಕ್ಕೆ ಬಿಟ್ಟ. "ಗುಂಡಿ ಒಂದ್ಸಲ ಒತ್ತಿದ್ರೆ ಓಡುತ್ತೆ, ಇನ್ನೊಂದ್ಸಲ ಒತ್ತಿದ್ರೆ ನಿಲ್ಲುತ್ತೆ ಭಾವ." ರೀಲು ಒಂದೇ, ಓಡುವುದು ಮೂರೇ ನಿಮಿಷ. ಮೇಷ್ಟ್ರ ಅಪ್ಪ ತೀರಿಕೊಂಡಾಗ ಮನೆಯಲ್ಲಿ ಅವರದೊಂದು ಫೋಟೋವೂ ಇರಲಿಲ್ಲ. ಎಂಬತ್ತು ದಾಟಿದ ತಾಯಿ ತೀರ್ಥಮ್ಮನ ಮುಖವೂ ಹಾಗೆ ಕೈತಪ್ಪಬಾರದೆಂದು ಮೇಷ್ಟ್ರ ಜೀವ ಹೊಡೆದುಕೊಳ್ಳುತ್ತಿತ್ತು.

ಜಗುಲಿಯೆದುರು ಸ್ಟ್ಯಾಂಡ್ ನಿಲ್ಲಿಸಿ, ಕ್ಯಾಮೆರಾ ತಿರುಪಿ ಕೂರಿಸಿದರು. ಪಕ್ಕದ ಹಿಟ್ಟಿನ ಮಿಲ್ಲಿನ ಗದ್ದಲದಲ್ಲಿ ಅದರ ಸದ್ದು ಕೇಳುವಂತಿರಲಿಲ್ಲ.

"ಅಮ್ಮಾ, ಕಂಬದ ಈಚೆ ಕೂತ್ಕೋ. ಬಾಗಿಲ ಕಡೆ ನೋಡು."

"ನಿನ್ನ ನೋಡ್ಬಾರ್ದೇನೋ?"

"ಬೇಡ. ಚಿತ್ರದಲ್ಲಿ ನೋಡೋ ಕಡೆ ಜಾಗ ಬಿಡ್ಬೇಕು."

"ಖಾಲಿ ಗೋಡೆ ಯಾಕ್ರೀ? ಅತ್ತೆ ಮುಖ ತೆಗೀರಿ!" ಎಂದಳು ಮಲ್ಲಿಕಾಂಬ.

"ಮುಖ ಎಲ್ರೂ ತೆಗೀತಾರೆ ಕಣೇ. ಇದು ಸಂಯೋಜನೆ!" (ಆ ಮನೆಯಲ್ಲಿ ಈ ಪದ ಬಂತೆಂದರೆ ವಾದ ಮುಗಿಯಿತು.)

ಜಗುಲಿಯ ಮೇಲಿನ ಚೊಂಬು ಸರಿಸಿದರು, ಅಮ್ಮನ ಸೆರಗು ಇಳಿಬಿಟ್ಟರು, ಓಡಿಬಂದು ಗುಂಡಿ ಒತ್ತಿದರು, ಎಣಿಸಿದರು, ಮತ್ತೆ ಒತ್ತಿದರು. ಬಿಸಿಲು ಸರಿಯಿತೆಂದು ಪುನಃ ಚೊಂಬು, ಪುನಃ ಸೆರಗು. ಒಮ್ಮೆ ರೇಗಿಯೂ ಬಿಟ್ಟರು: "ಸೆರಗು ಕೆಡಿಸ್ಬಿಟ್ಯಲ್ಲಮ್ಮಾ! ಸುಮ್ನೆ ಕೂತ್ಕೋಬಾರ್ದಾ?" ತೀರ್ಥಮ್ಮ ಫೋಟೋ ಸ್ಟುಡಿಯೋದಲ್ಲಿ ಕೂತವರ ಹಾಗೆ ಉಸಿರು ಬಿಗಿಹಿಡಿದು ಕೂತರು.

ಆಷಾಢದಲ್ಲಿ ಅವರು ಲಿಂಗೈಕ್ಯರಾದರು.

ದೀಪಾವಳಿಗೆ ಬಸವರಾಜ ತೊಳೆಸಿದ ರೀಲು, ಪ್ರೊಜೆಕ್ಟರು ಎರಡನ್ನೂ ತಂದ. ನೆಂಟರೆಲ್ಲ ಸೇರಿದರು. ಗೋಡೆಗೆ ಕಟ್ಟಿದ ಬಿಳಿ ಪಂಚೆಯ ಮೇಲೆ ಮೂಡಿದ್ದು ಮೇಷ್ಟ್ರ ಬೆನ್ನು. ಚೊಂಬು ಸರಿಸುವ ಬೆನ್ನು, ಸೆರಗು ಇಳಿಬಿಡುವ ಬೆನ್ನು. ಎಲ್ಲ ಸರಿಮಾಡಿ ಅವರು ಕ್ಯಾಮೆರಾ ಕಡೆ ಓಡಿಬರುತ್ತಲೇ ಚಿತ್ರ ಕಡಿದು, ಮತ್ತೆ ಬೆನ್ನು! ಕ್ಯಾಮೆರಾ ತಿರುಪುವಾಗಲೇ ಗುಂಡಿ ಒತ್ತಿಹೋಗಿತ್ತು. ಅಲ್ಲಿಂದಾಚೆಗೆ ಓಡಿಸಲು ಒತ್ತಿದಾಗೆಲ್ಲ ನಿಂತಿತ್ತು, ನಿಲ್ಲಿಸಲು ಒತ್ತಿದಾಗೆಲ್ಲ ಓಡಿತ್ತು.

"ಏನಪ್ಪಾ, ಅಮ್ಮನ್ನ ತೋರಿಸ್ತೀನಿ ಅಂತ ಕರ್ದು ನಿನ್ನ ಬೆನ್ನು ತೋರಿಸ್ತೀಯಲ್ಲೋ!" ಎಂದರು ಸೋದರಮಾವ ದೇವೀರಪ್ಪ. ಎಲ್ಲರೂ ನಕ್ಕರು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಇದ್ದ ಒಂದು ರೀಲನ್ನೂ ತಾನೇ ಹಾಳುಮಾಡಿದೆನೆಂದು ಸಂಕಟವಾಯಿತು.

ಕೊನೆಯಲ್ಲಿ ಬೆನ್ನು ಕುಕ್ಕರಿಸಿತು. ಅದರಾಚೆ, ಮಗನ ಕಡೆ ಬಾಗಿದ ತೀರ್ಥಮ್ಮನ ಮುಖ ಕಂಡಿತು, ಪಂಚೆಯ ನಟ್ಟನಡುವೆ. ಬಾಗಿಲ ಕಡೆ ನೋಡುತ್ತಿರಲಿಲ್ಲ, ಮಗನನ್ನೇ ನೋಡುತ್ತಿದ್ದರು. ಇಳಿಬಿಟ್ಟ ಸೆರಗನ್ನು ಎಳೆದುಕೊಂಡು ಅವನ ಹಣೆಯ ಬೆವರು ಒರೆಸಿದರು, ಕತ್ತು ಒರೆಸಿದರು. ಮಗ ತಲೆಯೆತ್ತಲಿಲ್ಲ. ಅವನ ಕೈ ಸೆರಗನ್ನು ಕಸಿದು ಮತ್ತೆ ಸರಿಪಡಿಸತೊಡಗಿತು. ರೀಲು ಮುಗಿಯಿತು.

ಯಾರೂ ನಗಲಿಲ್ಲ.

"ಬಸವರಾಜ, ಇನ್ನೊಂದ್ಸಲ ಹಾಕೋ" ಎಂದಳು ಮಲ್ಲಿಕಾಂಬ.

ಮೇಷ್ಟ್ರು ಪಂಚೆಯನ್ನೇ ನೋಡುತ್ತಿದ್ದರು. "ಸೆರಗು ಕೆಡಿಸ್ಬಿಟ್ಯಲ್ಲಾ ಅಂತ ಅಮ್ಮನ ಮೇಲೆ ರೇಗಿಬಿಟ್ಟೆ ಕಣೇ" ಎಂದರು.