ಕೇಶ್ವಾಪುರ ಎಂಬ ಎಂಟನೆಯ ಖಂಡ

ಭೂಗೋಳ ಕಲಿಸುವವರೆಲ್ಲ ಊರೂರು ತಿರುಗಿದವರು ಎಂದು ಯಾರಾದರೂ ತಿಳಿದಿದ್ದರೆ ಅವರು ನನ್ನನ್ನು ನೋಡಿಲ್ಲ ಎಂದೇ ಅರ್ಥ. ನಿವೃತ್ತನಾಗುವವರೆಗೂ ಧಾರವಾಡದ ಸಾಲೆಯೊಂದರಲ್ಲಿ ಏಳೂ ಖಂಡಗಳನ್ನು ಪಾಠ ಮಾಡಿದ ನಾನು, ಹುಬ್ಬಳ್ಳಿಗೆ ಹೋಗಬೇಕಾದರೂ ಹಿಂದಿನ ದಿನವೇ "ನಾಳೆ ಊರಿಗೆ ಹೊಂಟೇನ್ರಿ" ಎಂದು ಓಣಿಗೆಲ್ಲ ಸಾರಿಬರುತ್ತಿದ್ದೆ. ಜನ ಎರಡೂ ಊರನ್ನು ಒಂದೇ ಉಸಿರಿನಲ್ಲಿ ಹುಬ್ಬಳ್ಳಿ-ಧಾರವಾಡ ಎನ್ನುತ್ತಾರೆ. ಬರೆಯುವಾಗ ನಡುವೆ ಒಂದು ಸಣ್ಣ ಗೆರೆ ಎಳೆಯುತ್ತಾರಲ್ಲ, ನನ್ನ ಪಾಲಿಗೆ ಅದೇ ಸಮುದ್ರ.

ಕಳೆದ ವರ್ಷ ನನ್ನ ಹೆಂಡತಿ ಪ್ರೇಮಾಳ ಅಕ್ಕ ಬಚ್ಚಲಲ್ಲಿ ಜಾರಿಬಿದ್ದರು. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಒಬ್ಬರೇ ಇರುವ ಜೀವ. ಈಗ ಕೋಲು ಹಿಡಿದು ಓಡಾಡುತ್ತಾರೆ. ಅವರ ಮಗ್ಗುಲಲ್ಲೇ ಒಂದು ಬಾಡಿಗೆ ಮನೆ ಖಾಲಿಯಾಗಿದೆ ಎಂದು ತಿಳಿದಂದಿನಿಂದ ಪ್ರೇಮಾ ಆ ಮಾತು ಎತ್ತುವುದು, ನಾನು ಪೇಪರು ಎತ್ತಿ ಮುಖ ಮುಚ್ಚಿಕೊಳ್ಳುವುದು ನಡೆದೇ ಇತ್ತು. ಧಾರವಾಡದ ಕೆಲಗೇರಿಯ ನಮ್ಮದೂ ಬಾಡಿಗೆ ಮನೆಯೇ. ಆದರೆ ಅಲ್ಲಿನ ಕೆರೆಯ ಗಾಳಿಗೆ ಬಾಡಿಗೆ ಇರಲಿಲ್ಲ ನೋಡಿ.

ಒಂದು ಸಂಜೆ ಆಕೆ ಚುರುಮುರಿ ಗಿರ್ಮಿಟ್ಟಿನ ತಟ್ಟೆ ನನ್ನ ಮುಂದಿಟ್ಟು ಕೇಳಿದಳು. "ನೀವು ಭೂಗೋಳ ಕಲಿಸಿದವ್ರು. ಖರೇ ಹೇಳ್ರಿ, ಜಗತ್ತಿನ್ಯಾಗ ಇರಾಕ ಛಲೋ ಖಂಡ ಯಾವ್ದು?"

ಕೈಯಲ್ಲಿ ಗಿರ್ಮಿಟ್ಟು, ಕಿವಿಗೆ ಪ್ರಶ್ನೆ. ಮಾಸ್ತರನಿಗೆ ಇನ್ನೇನು ಬೇಕು? ಹಿಗ್ಗಿ ಹೀರೇಕಾಯಿಯಾಗಿ ಯುರೋಪಿನ ತಂಪು ಹವೆಯಿಂದ ಶುರು ಮಾಡಿದೆ. "ಅಲ್ಲೆ ಹಪ್ಪಳ ಒಣಗತಾವೇನ್ರಿ?" ಎಂದಳು. ಯುರೋಪು ಬಿದ್ದುಹೋಯಿತು. ಆಸ್ಟ್ರೇಲಿಯಾದಲ್ಲಿ ಬೇಕಾದಷ್ಟು ಜಾಗ ಎಂದೆ. "ಹಾಲು ಒಡದ್ರ ಮಗ್ಗಲ ಮನ್ಯಾಕಿನ್ನ ಕೂಗಿ ಕರದ್ರ ಕೇಳಸ್ತೈತೇನು?" ಅದೂ ಹೋಯಿತು. ಅಂಟಾರ್ಕ್ಟಿಕದಲ್ಲಿ ಧೂಳಿಲ್ಲ, ಸೆಕೆಯಿಲ್ಲ, ನೆಂಟರ ಕಾಟವಿಲ್ಲ ಎಂದಾಗ ಆಕೆ ನನ್ನ ತಟ್ಟೆಗೆ ಇನ್ನಷ್ಟು ಗಿರ್ಮಿಟ್ಟು ಸುರಿದಳು. ಕೊನೆಗೆ ಆಫ್ರಿಕಾ ಹಿಡಿದೆ. ನಾವು ದಿನಾ ರೊಟ್ಟಿ ಬಡಿಯುವ ಜೋಳದ ತವರುಮನೆ ಅದೇ ಎಂದು ವಿವರಿಸಿದೆ. ಪ್ರೇಮಾ, "ಪಾಪ, ಜ್ವಾಳಕ್ಕೂ ತವರು ಬಿಟ್ಟು ಬರೂದು ತಪ್ಪಲಿಲ್ಲ ಅನ್ರಿ" ಎಂದಳು.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಗಂಟೆ ಬಾರಿಸುವ ತನಕ ಬಾಯಿ ಮುಚ್ಚುವ ಅಭ್ಯಾಸ ಮಾಸ್ತರರಿಗೆ ಎಲ್ಲಿದೆ? "ಖಂಡ ಯಾವ್ದಾದ್ರೇನು? ಮನಷ್ಯಾ ಎಲ್ಲೆ ಹೋದ್ರೂ ಹೊಂದಕೋತಾನ" ಎಂದು ಉಪಸಂಹಾರ ಮಾಡಿದೆ.

"ಹಂಗಾರ ಕೇಶ್ವಾಪುರ?"

"ಅಲ್ಲೆ ಸೆಕಿ ಭಾಳ," ಎಂದೆ, ತಡವರಿಸುತ್ತ. "ಧೂಳಾ ಬ್ಯಾರೆ..."

ಆಕೆ ಸಿಟ್ಟಾಗಿದ್ದರೆ ನಾನೂ ಜಗಳಾಡಿ ಪಾರಾಗುತ್ತಿದ್ದೆ. ಆಕೆ ಖಾಲಿ ತಟ್ಟೆ ಎತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದಳು. "ಲಗ್ನಾ ಆಗಿ ನಾ ಹುಬ್ಬಳ್ಳಿ ಕಮರಿಪ್ಯಾಟಿಯಿಂದ ಇಲ್ಲೆ ಬಂದಾಗ, ಥಂಡಿ ತಡಕೋತೀ ಏನು ಅಂತ ನನ್ನ ಯಾರೂ ಕೇಳಲಿಲ್ರಿ. ಅಕ್ಕ ಒಬ್ಬಾಕೀನ ಬಸ್‌ಸ್ಟ್ಯಾಂಡಿನ ತನಕಾ ಬಂದು ಅತ್ತಳು." ನನಗೆ ಬಹಳ ಕೆಡುಕೆನಿಸಿತು. ಮರುದಿನ ನಾನೇ ಹೋಗಿ ಆ ಮನೆಗೆ ಮುಂಗಡ ಕೊಟ್ಟುಬಂದೆ.

ಮುಂದಿನ ದಿನಗಳಲ್ಲಿ ನಾನು ಕೆಲಗೇರಿಯ ತುಂಬ "ಊರು ಬಿಡಾಕತ್ತೇನ್ರಿ" ಎಂದು ಹೇಳಿಕೊಂಡು, ಸಿಕ್ಕಲ್ಲೆಲ್ಲ ಕನಿಕರವನ್ನೂ ಚಹಾವನ್ನೂ ಸಂಪಾದಿಸಿದೆ. ಸಾಮಾನು ಹೇರಿದ ದಿನ ಮಗ್ಗುಲ ಮನೆಯ ಸರೋಜಕ್ಕ ಪ್ರೇಮಾಳನ್ನು ಮಣೆಯ ಮೇಲೆ ಕೂಡಿಸಿ, ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬಿದರು. ಹೆತ್ತ ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರೇಮಾ ಅವರ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದಳು. ಆಕೆಯೂ ತನ್ನ ಊರು ಬಿಡುತ್ತಿದ್ದಾಳೆ ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ.

ಗಾಡಿಯಲ್ಲಿ ಕೂತ ಮೇಲೂ ಉಡಿ ಹಿಡಿದುಕೊಂಡು ಅಳುತ್ತಲೇ ಇದ್ದಳು. ಏನಾದರೂ ಹೇಳಲೇಬೇಕಿತ್ತು. "ಅಳಬ್ಯಾಡ. ಹಂತಾ ಏನ್ ದೂರ ಐತಿ? ಬಸ್ ಹತ್ತಿ ಕೂತ್ರ ಕಣ್ಣ ಹತ್ತೂದ್ರಾಗ ಧಾರವಾಡ ಬಂದಿರತೈತಿ" ಎಂದೆ.

ಪ್ರೇಮಾ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಒದ್ದೆ ಕಣ್ಣಲ್ಲೇ ನಗು ಬಂತು. "ಈ ಪಾಠಾ ಯಾವಾಗ ಕಲತ್ರಿ, ಮಾಸ್ತರ?"