ಮಿಷನ್ನು ಮತ್ತು ಮುದುಕನ ಕಿವಿ

ಕೆಲಸ ಚುರುಕಾಗಲಿ ಎಂದು ನಾನು ಹೊಸ ಯಂತ್ರ ತಂದಾಗಲೆಲ್ಲ, ನಮ್ಮ ಮಿಲ್ಲಿನವರು ಅದರಿಂದ ನಾನೆಣಿಸದ ಕೆಲಸ ತೆಗೆದಿದ್ದಾರೆ. ಎಂಬತ್ತರ ದಶಕದಲ್ಲಿ ಶಿರಾದಲ್ಲಿ ನನ್ನದೊಂದು ಕಡಲೆಕಾಯಿ ಸುಲಿಯುವ ಮಿಲ್ಲಿತ್ತು. ಇಂಗ್ಲಿಷ್ ಶಾಲೆಯ ಬೆತ್ತದ ಕೆಳಗೆ ಕಲಿತವನು ನಾನು. ಅಂದಾಜು ಎಂಬ ಮಾತನ್ನೇ ಸಹಿಸುತ್ತಿರಲಿಲ್ಲ.

ಗಡಿಯಾರ

ಬೀಜ ಆರಿಸುವ ಹೆಂಗಸರು ಬರಗೂರು ಬಸ್ಸು ಬಂದರೆ ಕೆಲಸಕ್ಕೆ ಕೂರುತ್ತಿದ್ದರು, ಬಿಸಿಲು ಹೊಸ್ತಿಲು ಮುಟ್ಟಿದರೆ ಊಟಕ್ಕೆ ಏಳುತ್ತಿದ್ದರು. ಇದು ಶಿಸ್ತಲ್ಲವೆಂದು ಕೆಂಪು ಅಂಕಿಯ ಡಿಜಿಟಲ್ ಗಡಿಯಾರ ತಂದು ಗೋಡೆಗೆ ಹಾಕಿಸಿದೆ. ಇನ್ನು ಮೇಲೆ ಅದು ತೋರಿಸಿದಂತೆ ನಡೆಯಬೇಕು, ಹನ್ನೆರಡಕ್ಕೇ ಊಟ ಎಂದು ಕಟ್ಟಪ್ಪಣೆ ಮಾಡಿದೆ.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ಹೋಗಿ ಬಂತು. ಗಡಿಯಾರ ಹನ್ನೆರಡು ತೋರಿಸತೊಡಗಿತು. ನಾನು ಹೊರಗೆ ಬಂದು ನೋಡಿದರೆ ಎಲ್ಲರೂ ಬುತ್ತಿ ಬಿಚ್ಚಿ ಕೂತಿದ್ದಾರೆ. ಇದೇನೆಂದು ಗದರಿದೆ. ಹಿರಿಯಳು ಮುದ್ದೆ ಮುರಿಯುತ್ತಲೇ ಅಂದಳು: "ನಮ್ಗೂ ಹಸ್ವಿಲ್ಲ ಸಾಮಿ. ನಿಮ್ ಮಾತು ಮೀರ್ಬಾರ್ದು ಅಂತ ಉಣ್ತಾ ಇದ್ದೀವಿ."

ಪಂಥ

ಕಾಯಿ ಒಣಗಿದೆಯೇ ಎಂದು ಹೇಳುವವನು ಒಬ್ಬ ಮುದುಕ. ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. ಹಸಿ ಕಾಯಿ ಗೋದಾಮಿಗೆ ಹೋದರೆ ಬೂಷ್ಟು ಹಿಡಿದು ಉಳಿದದ್ದನ್ನೂ ಕೆಡಿಸುತ್ತದೆ. ಇಷ್ಟು ದೊಡ್ಡ ವಿಷಯವನ್ನು ಒಬ್ಬನ ಕಿವಿಗೆ ಬಿಡುವುದೇ? ತೇವ ಅಳೆಯುವ ಡಿಜಿಟಲ್ ಮಿಷನ್ನು ತರಿಸಿದೆ. ಬಟ್ಟಲಿಗೆ ಕಾಯಿ ಹಾಕಿ ಗುಂಡಿ ಒತ್ತಿದರೆ ಅಂಕಿ ಬರುತ್ತದೆ; ಎಂಟರೊಳಗಿದ್ದರೆ ಒಣಗಿದ್ದು.

ಕಿವಿ ಒಮ್ಮೆ ತಪ್ಪಿದರೂ ಗೇಟು ಕಾಯಲು ಹಾಕುತ್ತೇನೆ ಎಂದು ಮುದುಕನಿಗೆ ಹೇಳಿದೆ.

"ಆಗ್ಲಿ ಸಾಮಿ. ಮಿಷನ್ನು ತಪ್ಪಿದ್ರೆ ಅದನ್ನ ಎಲ್ಲಿಗೆ ಹಾಕ್ತೀರಾ?"

ಒಂದು ವಾರ ಎರಡೂ ಒಂದೇ ಮಾತು ಹೇಳಿದವು. ನನಗೋ ಕುತೂಹಲ ತಡೆಯಲಾಗಲಿಲ್ಲ. ಬಾಗಿಲು ಹಾಕಿಕೊಂಡು ನಾನೂ ಕಾಯಿ ಅಲ್ಲಾಡಿಸಿ ನೋಡಿದೆ. ನನ್ನ ಕೈಗಡಿಯಾರದ ಸದ್ದಷ್ಟೇ ಕೇಳಿಸಿತು.

ಕಳ್ಳಂಬೆಳ್ಳದ ಗಾಡಿ

ಎಂಟನೆಯ ದಿನ ಕಳ್ಳಂಬೆಳ್ಳದಿಂದ ಬಂದ ಕಾಯಿಗೆ ಮಿಷನ್ನು ಏಳು ಎಂದಿತು. ಮುದುಕ ಹಸಿ ಎಂದ. ಮಾತು ಮಾತೇ; ಗೇಟಿನ ಬೀಗದ ಕೈ ಅವನ ಕೈಗಿಟ್ಟೆ.

ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹೋಗೋಕೆ ಮುಂಚೆ ಒಂದ್ಸಲ ನೋಡ್ತೀನಿ ಎಂದು ಬಟ್ಟಲಿಗೆ ಮರಳು ಹಾಕಿ ಗುಂಡಿ ಒತ್ತಿದ. ಏಳು. ಮರಳು ಚೆಲ್ಲಿ, ಹೆಗಲ ಮೇಲಿನ ಒದ್ದೆ ಟವಲ್ಲು ತುರುಕಿದ. ಏಳು.

ಆಮೇಲೆ ಮಿಷನ್ನನ್ನೇ ಎತ್ತಿ, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಏನೋ ಕಳಚಿಕೊಂಡು ಗಲಗಲ ಅಂದಿತು. ಈ ಸಲ ನನಗೂ ಕೇಳಿಸಿತು.

"ಕಾಯಿ ಹಸಿನೇ ಸಾಮಿ," ಎಂದು ಬೀಗದ ಕೈ ನನ್ನ ಮೇಜಿನ ಮೇಲಿಟ್ಟ. "ಚೆಂದಾಗಿ ಒಣಗಿರೋದು ಮಿಷನ್ನು."