ತುಂಬುಗೆರೆ ರಾಜ್ಯದ ಪೌತಿ ಕಾನೂನು

ಸ್ವರ್ಗ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಅದರ ಬಾಗಿಲಲ್ಲಿ ಕುಳಿತ ಟಪಾಲು ಗುಮಾಸ್ತ. ಕಲ್ಪವೃಕ್ಷ, ಕಾಮಧೇನು ಎಲ್ಲ ಆಮೇಲೆ. ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ಜೀವ ಸವೆಸಿ ಶಿರಸ್ತೇದಾರನಾಗಿ ನಿವೃತ್ತನಾದವನಿಗೆ ಬೇರೆ ಏನು ಕಂಡೀತು? ಸರ್ಕಾರವೇ ಇಲ್ಲದ ಜಾಗವನ್ನು ಕಲ್ಪಿಸಿಕೊಳ್ಳುವ ಶಕ್ತಿ ನನಗಿಲ್ಲ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಕಂಡರೂ ಇದರ ಮೇಲ್ವಿಚಾರಣೆ ಯಾರದು ಎಂದು ಹುಡುಕುತ್ತೇನೆ. "ನಿಮ್ಮನ್ನ ಸುಡುಗಾಡಿಗೆ ಒಯ್ದ್ರೂ ಎದ್ದು ಕುಂತು ಷರಾ ಬರೀತೀರಿ" ಎಂದು ನಮ್ಮಾಕೆ ಛೇಡಿಸುತ್ತಿದ್ದಳು. ನನ್ನ ಎರಡೂ ಕಿಡ್ನಿಗಳು ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಆ ಮಾತು ಆಡುವುದನ್ನು ಬಿಟ್ಟಿದ್ದಾಳೆ.

ಈಗ ನಾವು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದೇವೆ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವುದು ನನ್ನ ಈಗಿನ ನೌಕರಿ. ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆಸಿಕೊಂಡು, ಮರಳಿ ಮೈ ಸೇರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ಸೂಜಿ ಚುಚ್ಚಿದ ಕೈಯನ್ನು ಅಲ್ಲಾಡಿಸುವಂತಿಲ್ಲ. ಅದಕ್ಕಿಂತ ಕ್ರೂರವಾದದ್ದು ನೀರಿನ ನಿರ್ಬಂಧ. ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎನ್ನುತ್ತಾರೆ. ಇಂಥ ಊರಿನಲ್ಲಿ ಕಿಡ್ನಿ ಕೆಟ್ಟ ನಾವು ನೀರನ್ನು ಔಷಧಿಯ ಹಾಗೆ ಅಳೆದು ಕುಡಿಯಬೇಕು. ಒಂದು ಗುಟುಕು ಕದ್ದರೂ ತೂಕದ ಯಂತ್ರ ಸಿಸ್ಟರಿಗೆ ಚಾಡಿ ಹೇಳುತ್ತದೆ. ಹಾಗಾಗಿ ನಾನು ಆಗಾಗ ಚಕ್ಕರ್ ಹೊಡೆಯುತ್ತಿದ್ದೆ. ಮೈ ಹುಷಾರಿಲ್ಲವೆಂದು ಆಸ್ಪತ್ರೆಗೇ ರಜೆ ಹಾಕಿದ ಮೊದಲ ಸರ್ಕಾರಿ ನೌಕರ ನಾನೇ ಇರಬೇಕು. ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೆಂಡತಿಗೆ ಹೇಳಿರಲಿಲ್ಲ, ಆದರೆ ನಿಲ್ಲಿಸಿಯೇಬಿಡೋಣ ಎಂದು ಒಳಗೊಳಗೇ ತೀರ್ಮಾನಿಸಿದ್ದೆ. ನನಗೆ ಸಾಕಾಗಿತ್ತು.

ಆ ಹೊತ್ತಿಗೆ ಪಕ್ಕದ ಹಾಸಿಗೆಗೆ ಬಂದವಳು ರೇಣುಕಾ. ಕುರುಗೋಡಿನ ಶಾಲೆಯೊಂದರ ಟೀಚರು, ವಯಸ್ಸು ನನ್ನ ಮಗಳಷ್ಟು. ಪ್ರತಿ ಸಲವೂ ತಾಯಿಯ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ತಾಯಿ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು, ಇವಳು ಒಳಗೆ ನಮ್ಮನ್ನು ಆಟಕ್ಕೆ ಎಳೆಯುತ್ತಿದ್ದಳು. ನಮ್ಮನ್ನು ಎಂದರೆ ನನ್ನನ್ನು ಮತ್ತು ಎದುರಿನ ಹಾಸಿಗೆಯ ಖಾಜಾಸಾಬನನ್ನು. ಖಾಜಾಸಾಬ ಜೀನ್ಸ್ ಪ್ಯಾಂಟು ಹೊಲಿಯುವ ಟೇಲರು. ಆಟದಲ್ಲಿ ಒಬ್ಬರು ಕಥೆ ಹೇಳಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಬೇಕು, ಏನು ಮಾಡುತ್ತೇವೆಂದು ಹೇಳಿ ದಾಳ ಹಾಕಬೇಕು. ಗೆದ್ದೆವೋ ಸತ್ತೆವೋ ದಾಳ ಹೇಳುತ್ತದೆ. ದಾಳ ಅವಳ ಮೊಬೈಲಿನಲ್ಲೇ ಇತ್ತು, ಒಂದು ಕೈ ಸಾಕಾಗುತ್ತಿತ್ತು. ನಮ್ಮ ರಾಜ್ಯದ ಹೆಸರು ತುಂಬುಗೆರೆ. ಕಥೆ ಹೇಳುವ ರೇಣುಕಾ ಅದರ ರಾಣಿ, ಖಾಜಾಸಾಬ ಕತ್ತಿವೀರ. ನಾನು ಏನಾಗಬೇಕೆಂದು ಕೇಳಿದೆ.

"ನೀವು ಮಂತ್ರಿ ಆಗ್ರಿ ಸರ. ರಾಜ್ಯ ಅಂದಮ್ಯಾಲೆ ಕಾನೂನು ಬೇಕಲ್ರಿ. ಇಲ್ಲಂದ್ರ ಬರೇ ಹೊಡೆದಾಟ ಆಕ್ಕೈತಿ" ಎಂದಳು.

ನಾನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಖಾಜಾಸಾಬ ಬಾಯಿ ಹಾಕಿದ. "ಒಂದನೇ ಕಾನೂನು ನಾನ್ ಹೇಳ್ತೀನಿ ಟೀಚರಮ್ಮ. ಈ ರಾಜ್ಯದಾಗ ಯಾರು ಎಷ್ಟು ಬೇಕಾದ್ರೂ ನೀರು ಕುಡೀಬೋದು." ಚರ್ಚೆಯಿಲ್ಲದೆ ಅಂಗೀಕರಿಸಿದೆವು.

ಉಳಿದ ಕಾನೂನೆಲ್ಲ ನನ್ನದು. ಗುಡ್ಡದ ಗವಿಯಲ್ಲಿ ಬೆಂಕಿ ಉಗುಳುವ ಘಟಸರ್ಪವೊಂದಿತ್ತು. ಖಾಜಾಸಾಬ ಕತ್ತಿ ಹಿರಿದು ಹೊರಟಾಗ ನಾನು ತಡೆದೆ. ಗವಿ ಇರುವುದು ಸರ್ಕಾರಿ ಪೊರಂಬೋಕು ಜಾಗದಲ್ಲಿ, ಆದ್ದರಿಂದ ಇದು ಒತ್ತುವರಿ ಪ್ರಕರಣ, ಮೊದಲು ನೋಟೀಸು ಕೊಡಬೇಕು ಎಂದೆ.

"ಶಿರಸ್ತೇದಾರ್ರ, ಅದು ಬೆಂಕಿ ಉಗುಳ್ತೈತಿ. ನೋಟೀಸು ಸುಟ್ಟು ಬೂದಿ ಆಕ್ಕೈತಿ."

"ಆಗ್ಲಿ. ಖುದ್ದು ಜಾರಿ ಆಗೈತಿ ಅಂತ ಷರಾ ಹಾಕೋಣು."

ರೇಣುಕಾ ನಕ್ಕ ಭರಕ್ಕೆ ಅವಳ ಯಂತ್ರ ಕೂಗಿಕೊಂಡಿತು. ಸಿಸ್ಟರು ಓಡಿ ಬಂದು ಮೂವರನ್ನೂ ಬೈದು ಹೋದರು. ಘಟಸರ್ಪ ನೋಟೀಸಿಗೆ ಉತ್ತರ ಕೊಡಲು ಕಾಲಾವಕಾಶ ಕೇಳಿತು, ನಾನು ಕೊಟ್ಟೆ. ಅದನ್ನು ಇಂದಿಗೂ ತೆರವು ಮಾಡಿಸಲಾಗಿಲ್ಲ. ನಿಜವಾದ ಸರ್ಕಾರಕ್ಕೆ ನಮ್ಮ ರಾಜ್ಯ ಇಷ್ಟು ಹತ್ತಿರ ಬಂದದ್ದು ನನಗೆ ಹೆಮ್ಮೆಯ ವಿಷಯವೇ.

ಒಂದು ದಿನ ದಾಳ ಕೆಟ್ಟದಾಗಿ ಬಿದ್ದು ಕತ್ತಿವೀರ ಸತ್ತ. ಆಟದ ನಿಯಮ ಅದೇ ಎಂದು ರೇಣುಕಾ ಹೇಳಿದಳು. ಖಾಜಾಸಾಬ ವಾದಿಸಲಿಲ್ಲ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. "ಹೊರಗ ಸಾಯೋದು ಇದ್ದೇ ಐತಿ. ಇಲ್ಲಿ ಬ್ಯಾರೆ ಸಾಯಬೇಕೇನು" ಎಂದ. ಒಡನೆ ನನ್ನೊಳಗಿನ ಶಿರಸ್ತೇದಾರ ಎದ್ದು ಕುಳಿತ.

ಕಂದಾಯ ಇಲಾಖೆಯಲ್ಲಿ ಸಾವಿಗೆ ಪೌತಿ ಎನ್ನುತ್ತೇವೆ. ಉಸಿರು ನಿಂತ ಮಾತ್ರಕ್ಕೆ ಮನುಷ್ಯ ನಮ್ಮ ದಾಖಲೆಯಲ್ಲಿ ಸಾಯುವುದಿಲ್ಲ. ವಾರಸುದಾರರು ಅರ್ಜಿ ಕೊಡಬೇಕು, ನೋಟೀಸು ಅಂಟಿಸಬೇಕು, ಯಾರದೂ ತಕರಾರು ಇಲ್ಲವೆಂದಾದ ಮೇಲೆಯೇ ಜಮೀನಿನ ಪಹಣಿಯಿಂದ ಹೆಸರು ತೆಗೆಯುವುದು. ಒಬ್ಬನೇ ಒಬ್ಬ ತಕರಾರು ಹಾಕಿದರೂ ಸಾಕು, ಕೇಸು ವಿಚಾರಣೆಗೆ ಹೋಗುತ್ತದೆ, ಸತ್ತವನ ಹೆಸರು ಅಲ್ಲೇ ಉಳಿಯುತ್ತದೆ. ಸಿರುಗುಪ್ಪದ ಕಡೆ ಹೀಗೆ ಮುತ್ತಜ್ಜಂದಿರು ಇನ್ನೂ ಭತ್ತದ ಗದ್ದೆಗಳ ಮಾಲೀಕರಾಗಿದ್ದಾರೆ. ಅಣ್ಣತಮ್ಮಂದಿರ ಜಗಳ ಮುಗಿಯುವವರೆಗೆ ಯಮನೂ ಏನೂ ಮಾಡುವಂತಿಲ್ಲ. ಇದನ್ನೇ ತುಂಬುಗೆರೆಗೂ ಅನ್ವಯಿಸಬೇಕು ಎಂದೆ. "ಕತ್ತಿವೀರನ ಪೌತಿಗೆ ನನ್ನ ತಕರಾರೈತಿ" ಎಂದು ಸೂಜಿಯಿಲ್ಲದ ಕೈ ಎತ್ತಿದೆ.

ಖಾಜಾಸಾಬ ಮೆಲ್ಲಗೆ ಗೋಡೆಯಿಂದ ಈ ಕಡೆ ತಿರುಗಿದ. ರಾಣಿ ಯೋಚಿಸಿ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. "ತಕರಾರು ಹಾಕಿದವ್ರು ಪ್ರತಿ ವಿಚಾರಣೆಗೆ ಹಾಜರಿರಬೇಕ್ರಿ ಸರ. ಒಂದು ಸಲ ತಪ್ಪಿಸಿದ್ರೂ ತಕರಾರು ವಜಾ. ನಿಮ್ಮ ಆಫೀಸಿನಾಗೂ ಹಂಗ ಅಲ್ಲೇನ್ರಿ?" ಹಾಗೆಯೇ ಇತ್ತು. ನಾನು ಆ ವಾರ ಚಕ್ಕರ್ ಹೊಡೆದದ್ದನ್ನು ಅವಳು ಗಮನಿಸಿದ್ದಳೆಂದು ಕಾಣುತ್ತದೆ. ಅದಾದ ಮೇಲೆ ನಾನು ತಪ್ಪಿಸಲಿಲ್ಲ, ಒಂದು ವಿಚಾರಣೆಯಲ್ಲಿ ಕತ್ತಿವೀರ ದಾಳ ಗೆದ್ದು ಎದ್ದು ಕೂರುವವರೆಗೂ ದಿನ ಬಿಟ್ಟು ದಿನ ಹೋದೆ.

ಕಡು ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹೋದಾಗ ಪಕ್ಕದ ಹಾಸಿಗೆಗೆ ಹೊಸ ಚಾದರ ಹಾಸಿತ್ತು. ಅಂಥ ವಾರ್ಡಿನಲ್ಲಿ ಹೊಸ ಚಾದರ ಕಂಡರೆ ಯಾರೂ ಏನೂ ಕೇಳುವುದಿಲ್ಲ. ಸಿಸ್ಟರು ಸೂಜಿ ಚುಚ್ಚುತ್ತಾ, ಊರಲ್ಲೇ ರಾತ್ರಿ ಉಸಿರಾಟಕ್ಕೆ ತೊಂದರೆಯಾಯಿತಂತೆ, ಇಲ್ಲಿಗೆ ಕರೆತರುವಷ್ಟರಲ್ಲಿ ಮುಗಿದಿತ್ತಂತೆ ಎಂದರು. ನಾನು ಅತ್ತೆ. ಮಲಗಿ ಅಳುವುದು ಕಷ್ಟ, ನೀರು ಕಿವಿಗೆ ಹೋಗುತ್ತದೆ, ಒರೆಸಿಕೊಳ್ಳಲು ಒಂದೇ ಕೈ. ಇಷ್ಟು ನೀರು ಮೈಯಿಂದ ಹೋದದ್ದನ್ನು ತೂಕದಲ್ಲಿ ಕಳೆಯುತ್ತಾರೋ ಇಲ್ಲವೋ ಎಂಬ ಯೋಚನೆಯೂ ಬಂತು. ನನ್ನ ಬುದ್ಧಿಯೇ ಅಷ್ಟು.

ಬಹಳ ಹೊತ್ತಿನ ಮೇಲೆ ಖಾಜಾಸಾಬ ಹೇಳಿದ. "ಶಿರಸ್ತೇದಾರ್ರ, ರಾಣಿಯಮ್ಮ ಪೌತಿ."

"ತಕರಾರೈತಿ" ಎಂದೆ.

ಮುಂದಿನ ವಾರ ಅವಳ ತಾಯಿ ಆಸ್ಪತ್ರೆಯ ಕಾಗದಕ್ಕಾಗಿ ಬಂದಿದ್ದರು. ಕೈಯಲ್ಲಿ ಮಗಳು ತರುತ್ತಿದ್ದ ಚೀಲವಿತ್ತು. ವಾರ್ಡಿನೊಳಗೆ ಬಂದು ನನ್ನ ಕಾಲ ಬಳಿ ನಿಂತರು. "ಬಸ್ಸಿನಾಗ ದಿನಾ ನಿಮ್ಮ ಕಾನೂನು ಹೇಳಿ ನಗ್ತಿದ್ಲು ರೀ" ಎಂದರು. ಚೀಲವನ್ನು ಹೆಗಲಿಗೇರಿಸಿಕೊಂಡು ಕೇಳಿದರು, "ಅದೇನೋ ತಕರಾರು ಅಂತಿದ್ಲಲ್ರಿ. ನನ್ನ ಮಗಳಿಗೂ ಯಾರರ ಹಾಕ್ಯಾರೇನ್ರಿ?"

"ನಾನ ಹಾಕೀನಿ ತಾಯಿ."

"ಹಂಗಾರ ಬಿಡಬ್ಯಾಡ್ರಿ" ಎಂದು ಹೇಳಿ ಹೋದರು. ಪೌತಿ ಮುಂದಕ್ಕೆ ಹೋಯಿತೆಂದು ಒಬ್ಬ ವಾರಸುದಾರಳಿಗೆ ಸಮಾಧಾನವಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಖಾಜಾಸಾಬನೇ ತುಂಬುಗೆರೆಯ ತಹಶೀಲ್ದಾರ. ಕತ್ತಿವೀರನಿಗೆ ಬಡ್ತಿ ಕೊಟ್ಟಿದ್ದೇವೆ. ಯಂತ್ರ ಶುರುವಾದ ಕೂಡಲೇ ಅವನು ಕೂಗುತ್ತಾನೆ, "ರಾಣಿಯಮ್ಮನ ಪೌತಿ ಕೇಸು. ತಕರಾರುದಾರ್ರು ಅದಾರೇನು?" ನಾನು "ಅದೀನಿ" ಎನ್ನುತ್ತೇನೆ. ವಾದ ಏನೂ ಇರುವುದಿಲ್ಲ. ಕೇಸಿನಲ್ಲಿ ಹುರುಳಿಲ್ಲವೆಂದು ಇಬ್ಬರಿಗೂ ಗೊತ್ತು. ಯಂತ್ರ ನಿಂತಾಗ ಅವನು ಮುಂದಿನ ತಾರೀಖು ಕೊಡುತ್ತಾನೆ. ಸಿರುಗುಪ್ಪದಲ್ಲಿ ನನ್ನ ಮೇಜಿನ ಮುಂದೆ ಜನ ಇದೇ ಮಾತು ಕೇಳಿ, ಮೆಟ್ಟಿಲಿಳಿಯುವಾಗ ನನ್ನ ಕುಲಕೋಟಿಯನ್ನೆಲ್ಲ ಸ್ಮರಿಸುತ್ತಾ ಹೋಗುತ್ತಿದ್ದರು. ನಾನಾದರೋ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಥ್ಯಾಂಕ್ಸ್ ಹೇಳಿ ಇಳಿಯುತ್ತೇನೆ.

ನಮ್ಮಾಕೆ ಆಟೋದಲ್ಲಿ ಕಾಯುತ್ತಿರುತ್ತಾಳೆ. ನಾನು ಡಯಾಲಿಸಿಸ್ ನಿಲ್ಲಿಸಬೇಕೆಂದಿದ್ದದ್ದು ಅವಳಿಗೆ ಗೊತ್ತಿಲ್ಲ, ತಕರಾರಿನ ಸಂಗತಿ ಮಾತ್ರ ಗೊತ್ತು.

"ಕೇಸು ಮುಗೀತೇನ್ರಿ?" ಎನ್ನುತ್ತಾಳೆ.

"ಇಲ್ಲ. ನಾಡಿದ್ದು ಬರ್ರಿ ಅಂದಾರ."